ಎರಡನೇ ಸ್ಥಾನ ಖಾಲಿ ಇರುವುದೆಲ್ಲಿ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹೊಸ ಎಡಪಕ್ಷದ ಲೆಕ್ಕಾಚಾರ

ಹಟ್ಟಿ ಚಿನ್ನದ ಗಣಿಯಲ್ಲಿ ಕಾರ್ಮಿಕ ಸಂಘದ ಚುನಾವಣೆ ಬಂದರೆ ಪೈಪೋಟಿ ಬಹುಮಟ್ಟಿಗೆ ಕೆಂಪು ಬಾವುಟದವರ ನಡುವೆಯೇ. ಎಐಟಿಯುಸಿ, ಸಿಐಟಿಯು, ಟಿಯುಸಿಐ ಎಂದು ಒಂದೇ ಬಣ್ಣದ ಮೂರು ಬಾವುಟ. ಅದೇ ಕಾರ್ಮಿಕರು ವಿಧಾನಸಭೆ ಚುನಾವಣೆಯ ದಿನ ಮತಗಟ್ಟೆಗೆ ಹೋಗಿ ಹೆಚ್ಚಾಗಿ ಕೈ ಇಲ್ಲವೇ ಕಮಲದ ಗುಂಡಿ ಒತ್ತಿ ಬರುತ್ತಾರೆ. ಬಳ್ಳಾರಿಯ ಅಂಗನವಾಡಿ ಕಾರ್ಯಕರ್ತೆಯರು, ಮಾನ್ವಿ-ಸಿರವಾರದ ಕಾಲುವೆ ಕೊನೆ ಭಾಗದ ರೈತರು, ಗಿಣಿಗೇರಾದ ಗುತ್ತಿಗೆ ಕಾರ್ಮಿಕರು ಎಲ್ಲರದೂ ಹೆಚ್ಚುಕಡಿಮೆ ಇದೇ ಕತೆ. ಧರಣಿಗೆ ಒಂದು ಬಾವುಟ, ಓಟಿಗೆ ಇನ್ನೊಂದು.

2023ರ ವಿಧಾನಸಭೆ ಚುನಾವಣೆಯಲ್ಲಿ ಈ ಮೂರು ಜಿಲ್ಲೆಗಳ 17 ಕ್ಷೇತ್ರಗಳ ಪೈಕಿ ಕಾಂಗ್ರೆಸ್ 12, ಬಿಜೆಪಿ 3, ಜೆಡಿಎಸ್ 1, ಗಾಲಿ ಜನಾರ್ದನ ರೆಡ್ಡಿಯವರ ಹೊಸ ಪಕ್ಷ 1 ಗೆದ್ದವು. ಎಡಪಕ್ಷಗಳದ್ದು ಸೊನ್ನೆ. ರಾಜ್ಯದ ಲೆಕ್ಕವೂ ಬೇರೆಯಲ್ಲ. 2004ರಲ್ಲಿ ಬಾಗೇಪಲ್ಲಿಯಿಂದ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಗೆದ್ದಿದ್ದರು. ಆ ಸದನದ ಅವಧಿ ಮುಗಿದ ಮೇಲೆ ಕರ್ನಾಟಕ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಶಾಸಕರು ಕಾಣಿಸಿಲ್ಲ.

ಜನರಿಗೆ ವರ್ಗಪ್ರಜ್ಞೆ ಇಲ್ಲ ಎಂದು ಬೇಸರಪಡುವ ಹಳೆಯ ಸಂಗಾತಿಗಳಿದ್ದಾರೆ. ದುಡ್ಡು, ಹೆಂಡ, ಜಾತಿ ಎಂದು ಮೂರೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ಎರಡನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಚುನಾವಣಾ ಪದ್ಧತಿಯಲ್ಲಿ ಮತದಾರ ಮಾಡುತ್ತಿರುವುದು ಸಾಕಷ್ಟು ಚೊಕ್ಕ ಲೆಕ್ಕ. ಹೊಸ ಎಡಪಕ್ಷ ಕಟ್ಟಬೇಕು ಎನ್ನುವವರು ಮೊದಲು ಆ ಲೆಕ್ಕವನ್ನು ಅರಿಯಬೇಕು.

ಎರಡೇ ಪಕ್ಷ ಉಳಿಯುವುದು ಏಕೆ?

ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ ಶಾಸಕರು. ಯಾರಿಗೆ ಎಲ್ಲರಿಗಿಂತ ಹೆಚ್ಚು ಓಟು ಬಿತ್ತೋ ಅವರು ಗೆದ್ದರು, ಅರ್ಧಕ್ಕಿಂತ ಹೆಚ್ಚು ಬೀಳಬೇಕೆಂದಿಲ್ಲ. ಸೋತವರ ಓಟಿಗೆ ಬೆಲೆಯೇ ಇಲ್ಲ. ಫ್ರಾನ್ಸಿನ ರಾಜಕೀಯಶಾಸ್ತ್ರಜ್ಞ ಮಾರಿಸ್ ಡ್ಯುವರ್ಜೆ 1951ರಲ್ಲಿ ಇಂಥ ಪದ್ಧತಿಯ ಬಗ್ಗೆ ಒಂದು ಮಾತು ಹೇಳಿದ: ಇದು ಕಾಲಕ್ರಮದಲ್ಲಿ ಎರಡೇ ಪಕ್ಷಗಳ ಕಡೆ ವಾಲುತ್ತದೆ. ಅದಕ್ಕೆ ಅವನು ಎರಡು ಕಾರಣ ಕೊಟ್ಟ. ಮೊದಲನೆಯದು ಯಾಂತ್ರಿಕ: ಮೂರನೇ ಪಕ್ಷಕ್ಕೆ ಬಿದ್ದ ಓಟು ಸೀಟಾಗಿ ಬದಲಾಗುವುದಿಲ್ಲ. ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು: ಇದು ಒಂದೆರಡು ಸಲ ಕಣ್ಣಿಗೆ ಬಿದ್ದರೆ ಆ ಪಕ್ಷವನ್ನು ಮೆಚ್ಚುವವರೂ ಓಟು ಹಾಳಾಗುತ್ತದೆ ಎಂದು ಬೇರೆ ಕಡೆ ಹಾಕುತ್ತಾರೆ.

ಇದಕ್ಕೆ ಬ್ರಿಟನ್ನಿನ 1983ರ ಚುನಾವಣೆಗಿಂತ ನಿಚ್ಚಳ ಉದಾಹರಣೆ ಸಿಗದು. ಲೇಬರ್ ಪಕ್ಷಕ್ಕೆ ಶೇ 27.6ರಷ್ಟು ಓಟು, 209 ಸೀಟು. ಸೋಷಿಯಲ್ ಡೆಮಾಕ್ರಟ್ ಮತ್ತು ಲಿಬರಲ್ಲರ ಮೈತ್ರಿಕೂಟಕ್ಕೆ ಶೇ 25.4ರಷ್ಟು ಓಟು, ಸೀಟು ಬರೀ 23. ಓಟಿನಲ್ಲಿ ಎರಡು ಚಿಲ್ಲರೆ ಶೇಕಡಾ ಅಂತರ, ಸೀಟಿನಲ್ಲಿ ಒಂಬತ್ತು ಪಟ್ಟು. ಲೇಬರ್ ಓಟು ಗಣಿ ಮತ್ತು ಕಾರ್ಖಾನೆ ಊರುಗಳಲ್ಲಿ ಗುಡ್ಡೆಯಾಗಿತ್ತು, ಮೈತ್ರಿಕೂಟದ ಓಟು ದೇಶದ ಉದ್ದಗಲಕ್ಕೂ ಚದುರಿತ್ತು.

ಇದನ್ನು ನಮ್ಮ 17 ಕ್ಷೇತ್ರಗಳಿಗೆ ಹಾಕಿ ನೋಡೋಣ. ಅಂಕಿಗಳು ಕಾಲ್ಪನಿಕ, ಲೆಕ್ಕ ತಿಳಿಯಲಿಕ್ಕೆ ಮಾತ್ರ. ಪ್ರತಿ ಕ್ಷೇತ್ರದಲ್ಲಿ 1.6 ಲಕ್ಷ ಮತ ಚಲಾವಣೆಯಾಯಿತು ಎನ್ನಿ, ಒಟ್ಟು 27.2 ಲಕ್ಷ. ಹೊಸ ಎಡಪಕ್ಷಕ್ಕೆ ಅದರಲ್ಲಿ ಶೇ 12 ಸಿಕ್ಕಿತು, ಹತ್ತಿರ ಹತ್ತಿರ 3.26 ಲಕ್ಷ. ಹೊಸ ಪಕ್ಷಕ್ಕೆ ಇದು ಹಬ್ಬ ಮಾಡುವಂಥ ಸಂಖ್ಯೆ. ಆದರೆ ಈ ಓಟು ಎಲ್ಲ ಕಡೆ ಸಮನಾಗಿ ಹಂಚಿಕೊಂಡರೆ ಕ್ಷೇತ್ರಕ್ಕೆ 19,200 ಬಂತು. ಠೇವಣಿ ಉಳಿಯಲು ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಕು, ಅಂದರೆ ಸುಮಾರು 26,700. ಹದಿನೇಳೂ ಕಡೆ ಠೇವಣಿ ಹೋಯಿತು. ಅದೇ ಓಟು ನಾಲ್ಕು ಕ್ಷೇತ್ರಗಳಲ್ಲಿ ತಲಾ 65 ಸಾವಿರ, ಉಳಿದ ಹದಿಮೂರರಲ್ಲಿ ತಲಾ 5 ಸಾವಿರ ಎಂದಾದರೆ? ಆ ನಾಲ್ಕರಲ್ಲಿ ಶೇ 40 ದಾಟುತ್ತದೆ. ತ್ರಿಕೋನ ಸ್ಪರ್ಧೆಯಿದ್ದರೆ ನಾಲ್ವರು ಶಾಸಕರು ಬೆಂಗಳೂರಿನ ರೈಲು ಹತ್ತಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಎರಡೇ ಪಕ್ಷ ಎಲ್ಲಿವೆ? ಕರ್ನಾಟಕದಲ್ಲೇ ಮೂರು ಇಲ್ಲವೇ? ಇವೆ. ಡ್ಯುವರ್ಜೆಯ ಮಾತು ದೇಶಕ್ಕಿಂತ ಕ್ಷೇತ್ರಕ್ಕೆ ಹೆಚ್ಚು ಹೊಂದುತ್ತದೆ, ಅಷ್ಟೇ. ಮಂಡ್ಯದ ಕಡೆ ಆ ಇಬ್ಬರು ಕಾಂಗ್ರೆಸ್ ಮತ್ತು ಜೆಡಿಎಸ್, ಸಂಡೂರಿನಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ. ಜೋಡಿ ಬದಲಾಗುತ್ತದೆ, ಗೆಲ್ಲಬಲ್ಲವರ ಸಂಖ್ಯೆ ಮಾತ್ರ ಎರಡರ ಆಸುಪಾಸಿನಲ್ಲೇ ನಿಲ್ಲುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿದ ಮೇಲೆ ದೇವದುರ್ಗ, ಸಿಂಧನೂರಿನಂಥ ಕಡೆ ಇದ್ದ ಮೂರನೇ ಬಾಗಿಲೂ ಅರ್ಧ ಮುಚ್ಚಿದೆ.

ಹಾಗಾಗಿ ಹೊಸ ಪಕ್ಷ ಮೂರನೇ ಸ್ಥಾನದಲ್ಲಿ ಬೆಳೆಯುತ್ತಾ ಇರಲು ಆಗುವುದಿಲ್ಲ. ಅಲ್ಲಿ ಒಂದೆರಡು ಚುನಾವಣೆ ಕಳೆದರೆ ಒಣಗುತ್ತದೆ. ಒಂದೊಂದು ಕ್ಷೇತ್ರದಲ್ಲಿ ಇಬ್ಬರಲ್ಲಿ ಒಬ್ಬರನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರಬೇಕು. ಗೆಲುವು ಆಮೇಲಿನದು. ಎರಡನೇ ಸ್ಥಾನ ಎಲ್ಲಿ ಖಾಲಿಯಿದೆ, ಎಲ್ಲಿ ಸಡಿಲವಾಗಿದೆ ಎಂಬುದೇ ಮೊದಲ ಪ್ರಶ್ನೆ.

ಗಂಗಾವತಿ ಹೇಳಿಕೊಟ್ಟದ್ದು

ಈ ಪಾಠ ಕಲಿಯಲು ಲಂಡನ್ನಿಗೆ ಹೋಗಬೇಕಿಲ್ಲ, ಗಂಗಾವತಿ ಸಾಕು. ಜನಾರ್ದನ ರೆಡ್ಡಿ 2022ರ ಡಿಸೆಂಬರ್ 25ರಂದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಘೋಷಿಸಿದರು. ಎಡಕ್ಕೂ ಆ ಪಕ್ಷಕ್ಕೂ ಯಾವ ನಂಟೂ ಇಲ್ಲ, ಆದರೆ ಎರಡು ಪಕ್ಷಗಳ ನಡುವೆ ಮೂರನೆಯದು ಹುಟ್ಟಿ, ಬದುಕಿ, ಕರಗಿದ ಬಗೆಯನ್ನು ನಮ್ಮ ಕಣ್ಣೆದುರೇ ತೋರಿಸಿತು. ಫುಟ್‌ಬಾಲ್ ಚಿಹ್ನೆ, ಕೈತುಂಬ ದುಡ್ಡು, ಮನೆಮನೆಗೂ ಗೊತ್ತಿರುವ ಮುಖ. 2023ರ ಮೇ ತಿಂಗಳಲ್ಲಿ ಗೆದ್ದದ್ದು ಒಂದೇ ಸೀಟು. ಬಳ್ಳಾರಿ ನಗರದಲ್ಲಿ ಅವರ ಪತ್ನಿಯೇ ಸೋತರು.

ಆ ಒಂದು ಗೆಲುವನ್ನು ಗಮನಿಸಿ. ಗಂಗಾವತಿಯಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದು ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿ. ಹಾಲಿ ಶಾಸಕರನ್ನು ನಿಲ್ಲಿಸಿದ್ದ ಬಿಜೆಪಿ ಮೂರನೆಯದಾಯಿತು. ಬಿಜೆಪಿಯ ಓಟನ್ನು ಅದರ ಕೈಯಿಂದ ಕಿತ್ತುಕೊಂಡು, ಕಾಂಗ್ರೆಸ್ಸಿಗೆ ಎದುರಾಳಿ ತಾನೇ ಎಂದು ಜನರನ್ನು ನಂಬಿಸಿದಲ್ಲಿ ಮಾತ್ರ ಹೊಸ ಪಕ್ಷ ಗೆದ್ದಿತು. ಬೇರೆಡೆ ಆ ನಂಬಿಕೆ ಹುಟ್ಟಲಿಲ್ಲ. ಹಣವೇ ಎಲ್ಲ ಎನ್ನುವವರಿಗೆ ಇದು ಉತ್ತರ: ಹಣ ಎಲ್ಲ ಕಡೆಯೂ ಇತ್ತು, ಜಾಗ ಒಂದೇ ಕಡೆ ಸಿಕ್ಕಿತು.

2024ರ ಮಾರ್ಚ್‌ನಲ್ಲಿ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ಅದಕ್ಕೂ ಹಿಂದೆ ಬಿ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ 4 ಸೀಟು ಗೆದ್ದು 2014ರಲ್ಲಿ ಬಿಜೆಪಿಗೆ ಮರಳಿತ್ತು. ಯಡಿಯೂರಪ್ಪನವರ ಕೆಜೆಪಿ ಹತ್ತಿರ ಹತ್ತಿರ ಶೇ 10ರಷ್ಟು ಓಟು ಪಡೆದು 6 ಸೀಟಿಗೆ ನಿಂತು, ಅದೇ ದಾರಿ ಹಿಡಿದಿತ್ತು. ಪಕ್ಷಾಂತರ ನಿಷೇಧ ಕಾಯ್ದೆ ಇದನ್ನು ತಡೆಯುವುದಿಲ್ಲವೇ? ವಿಲೀನಕ್ಕೆ ಶಾಸಕರಲ್ಲಿ ಮೂರನೇ ಎರಡರಷ್ಟು ಒಪ್ಪಬೇಕು ಎನ್ನುತ್ತದೆ ಸಂವಿಧಾನದ ಹತ್ತನೇ ಅನುಸೂಚಿ. ಒಬ್ಬರೇ ಶಾಸಕರಿರುವ ಪಕ್ಷದಲ್ಲಿ ಆ ಒಬ್ಬರು ಒಪ್ಪಿದರೆ ನೂರಕ್ಕೆ ನೂರು. ದೊಡ್ಡ ಪಕ್ಷದ ಶಾಸಕನಿಗೆ ಇರುವ ಬೇಲಿ ಸಣ್ಣ ಪಕ್ಷದ ಶಾಸಕನಿಗೆ ಹೆಸರಿಗಷ್ಟೇ ಇದೆ. ಎಡಪಕ್ಷ ಕಟ್ಟುವವರು ನಮ್ಮವರು ಹಾಗೆ ಮಾಡುವುದಿಲ್ಲ ಎನ್ನುತ್ತಾರೆ. ರೈತ ಸಂಘದವರೂ ಹಾಗೆಯೇ ಅಂದುಕೊಂಡಿದ್ದರು. 1989ರಲ್ಲಿ ರೈತ ಸಂಘದಿಂದ ವಿಧಾನಸಭೆಗೆ ಹೋದ ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸಂಪುಟದಲ್ಲಿ ಸಚಿವರಾದರು.

ಮತದಾರನ ಲೆಕ್ಕ

ಶಾಸಕ ಎಂದರೆ ವಿಧಾನಸೌಧದಲ್ಲಿ ಮಾತಾಡುವವನು ಎಂಬುದು ಪಠ್ಯಪುಸ್ತಕದ ಮಾತು. ಊರಲ್ಲಿ ಶಾಸಕ ಎಂದರೆ ಸಮಿತಿ. ಆಶ್ರಯ ಮನೆ ಹಂಚುವ ಸಮಿತಿಗೆ ಅವರೇ ಅಧ್ಯಕ್ಷರು. ಗಂಗಾ ಕಲ್ಯಾಣದ ಕೊಳವೆಬಾವಿ ಯಾರಿಗೆ ಎಂದು ಆರಿಸುವುದೂ ಅವರ ಸಮಿತಿ. ಎಲ್ಲಕ್ಕಿಂತ ಮುಖ್ಯವಾಗಿ ಬಗರ್ ಹುಕುಂ ಸಾಗುವಳಿ ಸಕ್ರಮ ಮಾಡುವ ಸಮಿತಿಯಲ್ಲೂ ಕುರ್ಚಿ ಅವರದೇ. ಈ ಭಾಗದಲ್ಲಿ ಎಡ ಸಂಘಟನೆಗಳು ದಶಕಗಳಿಂದ ಕೇಳುತ್ತಾ ಬಂದಿರುವುದು ಇದನ್ನೇ, ಸಾಗುವಳಿದಾರನಿಗೆ ಪಟ್ಟಾ. ಅರ್ಜಿ ಕೊಡಿಸುವುದು, ತಹಶೀಲ್ದಾರ್ ಕಚೇರಿ ಮುಂದೆ ಕೂರುವುದು ಕೆಂಪು ಬಾವುಟದವರು. ಸಹಿ ಬೀಳುವುದು ಶಾಸಕರ ಸಭೆಯಲ್ಲಿ. ಎರಡೆಕರೆ ಬಗರ್ ಹುಕುಂ ಹೊಲ ಉಳುವವನು ಧರಣಿಯಲ್ಲಿ ಕೂತು, ಓಟನ್ನು ಗೆಲ್ಲುವವರಿಗೆ ಹಾಕಿದರೆ ಅವನನ್ನು ದ್ವಿಮುಖಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎರಡು ಬಾಗಿಲಿಗೂ ಒಂದೊಂದು ಕೀಲಿ ಇಟ್ಟುಕೊಂಡಿದ್ದಾನೆ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ನಮ್ಮಲ್ಲಿ ಚುನಾವಣೆ ಬೀಳುವುದು ಏಪ್ರಿಲ್-ಮೇ ತಿಂಗಳಲ್ಲಿ. 2023ರ ವಿಧಾನಸಭೆಗೆ ಮತದಾನ ಮೇ 10, 2024ರ ಲೋಕಸಭೆಗೆ ಈ ಮೂರೂ ಕ್ಷೇತ್ರಗಳಲ್ಲಿ ಮೇ 7. ಅದು ಗುಳೆ ಹೋಗುವ ಕಾಲ. ದೇವದುರ್ಗ, ಮಸ್ಕಿ, ಕುಷ್ಟಗಿ, ಯಲಬುರ್ಗಾದ ಕೂಲಿಯವರು ಬೆಂಗಳೂರಿನ ಕಟ್ಟಡಗಳಲ್ಲಿರುತ್ತಾರೆ. ಕೂಲಿಕಾರರ ಪಕ್ಷಕ್ಕೆ ಓಟಿನ ದಿನ ಕೂಲಿಕಾರರೇ ಊರಲ್ಲಿ ಸಿಗುವುದಿಲ್ಲ. ಬಸ್ಸು ಮಾಡಿ ಕರೆತರುವ ಶಕ್ತಿ ಇರುವುದು ದೊಡ್ಡವರಿಗೆ. ಕರೆತಂದವರಿಗೇ ಓಟು ಎಂದು ಹೇಳಿಕೊಡಬೇಕಿಲ್ಲವಲ್ಲ. ಇನ್ನು ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಸುತ್ತ ಇರುವ ಹೊರರಾಜ್ಯದ ಕಾರ್ಮಿಕರು ಸಂಘಕ್ಕೆ ಸದಸ್ಯರಾಗಬಹುದು, ಹಲವರ ಓಟು ಇರುವುದು ಬೇರೆ ರಾಜ್ಯದಲ್ಲಿ.

ಪಕ್ಷದ ಕಾರ್ಯಕ್ರಮ ಬಲವಾಗಿದ್ದರೆ ಸಾಕಲ್ಲವೇ ಎಂದರೆ, ಒಳ್ಳೆಯ ಬೇಡಿಕೆ ಯಾರಪ್ಪನ ಆಸ್ತಿಯೂ ಅಲ್ಲ. 2023ರಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಹೆಣ್ಣುಮಕ್ಕಳಿಗೆ ಉಚಿತ ಬಸ್ ಎಂದು ಕಾಂಗ್ರೆಸ್ ಮುಂದೆ ಬಂದಾಗ ಎಡಪಕ್ಷಗಳ ಪ್ರಣಾಳಿಕೆಯ ಅರ್ಧ ಪುಟ ಸವೆಯಿತು. ಅಕ್ರಮ ಗಣಿಗಾರಿಕೆಯ ಕತೆಯೂ ಇದೇ. ಆ ಸಿಟ್ಟಿನ ಫಲ ಕೊಯ್ದದ್ದು 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿ.ಮೀ. ಪಾದಯಾತ್ರೆ ಮಾಡಿದ ಕಾಂಗ್ರೆಸ್. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ದಶಕಗಳ ಕಾಲ ಹೋರಾಡಿದವರು ಬೇರೆ ಬೇರೆ ಪಕ್ಷದವರು, ಯಾವ ಪಕ್ಷದಲ್ಲೂ ಇಲ್ಲದವರು. ಸಂವಿಧಾನ ತಿದ್ದುಪಡಿಯಾದಾಗ ಅದರ ಹೆಸರು ಸೇರಿದ್ದು ಆಗ ದೆಹಲಿಯಲ್ಲಿ ಅಧಿಕಾರದಲ್ಲಿದ್ದವರಿಗೆ. ದೊಡ್ಡ ಪಕ್ಷಗಳು ಬೇಡಿಕೆ ಎತ್ತಿಕೊಳ್ಳುವುದನ್ನು ಕಳ್ಳತನ ಎನ್ನುವವರಿದ್ದಾರೆ. ಬೇಡಿಕೆ ಈಡೇರಿದರೆ ಜನರಿಗೆ ಒಳ್ಳೆಯದೇ, ಪಕ್ಷಕ್ಕೆ ಮಾತ್ರ ನಷ್ಟ.

ಕಾಗದದ ಕೆಲಸ

ಪಕ್ಷ ನೋಂದಾಯಿಸುವುದು ಸುಲಭದ ಭಾಗ. ಪ್ರಜಾಪ್ರತಿನಿಧಿ ಕಾಯ್ದೆ 1951ರ 29ಎ ಕಲಂ ಅಡಿ ಪಕ್ಷ ಸ್ಥಾಪಿಸಿದ 30 ದಿನಗಳೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಬೇಕು. ಮತದಾರರ ಪಟ್ಟಿಯಲ್ಲಿರುವ ಕನಿಷ್ಠ 100 ಸದಸ್ಯರು, 10,000 ರೂಪಾಯಿ ಶುಲ್ಕ, ಪತ್ರಿಕೆಗಳಲ್ಲಿ ಪ್ರಕಟಣೆ ಇರಬೇಕು. ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆ ಎಂದು ಬರೆದಿರಬೇಕು. ಹೌದು, ಸಮಾಜವಾದ. ಮಾರುಕಟ್ಟೆಯೇ ದೇವರು ಎನ್ನುವವರೂ ಈ ದೇಶದಲ್ಲಿ ಪಕ್ಷ ನೋಂದಾಯಿಸಬೇಕಾದರೆ ಈ ಸಾಲು ಬರೆದುಕೊಡಲೇಬೇಕು. ಇಂಥ ನೋಂದಾಯಿತ, ಮಾನ್ಯತೆಯಿಲ್ಲದ ಪಕ್ಷಗಳು 2025ರ ಮಧ್ಯದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚಿದ್ದವು. ಆರು ವರ್ಷ ಯಾವ ಚುನಾವಣೆಗೂ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು.

ಕಷ್ಟ ಶುರುವಾಗುವುದು ಮಾನ್ಯತೆ ಎಂಬಲ್ಲಿ. ರಾಜ್ಯ ಪಕ್ಷವಾಗಲು ವಿಧಾನಸಭೆ ಚುನಾವಣೆಯಲ್ಲಿ ಶೇ 6ರಷ್ಟು ಮತದ ಜೊತೆಗೆ ಇಬ್ಬರು ಶಾಸಕರು ಬೇಕು. ಇಲ್ಲವೇ ಶೇ 3ರಷ್ಟು ಸೀಟು, ಕರ್ನಾಟಕದ 224ಕ್ಕೆ ಅದು 7. ಇಲ್ಲವೇ ಸೀಟಿಲ್ಲದಿದ್ದರೂ ರಾಜ್ಯದಲ್ಲಿ ಶೇ 8ರಷ್ಟು ಮತ. ಮಾನ್ಯತೆ ಇದ್ದವರಿಗೆ ನಾಮಪತ್ರಕ್ಕೆ ಒಬ್ಬರು ಸೂಚಕರು ಸಾಕು, ಇಲ್ಲದವರಿಗೆ ಹತ್ತು ಜನ. ಮತಯಂತ್ರದಲ್ಲಿ ಮಾನ್ಯತೆ ಇದ್ದವರ ಹೆಸರು ಮೇಲೆ, ಇಲ್ಲದವರದು ಅವರ ಕೆಳಗೆ.

ಚಿಹ್ನೆಯ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಹೊಸ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಬೇಕೆಂದರೆ ರಾಜ್ಯದ ಶೇ 5ರಷ್ಟು ಕ್ಷೇತ್ರಗಳಲ್ಲಾದರೂ, ಅಂದರೆ ಹನ್ನೊಂದು-ಹನ್ನೆರಡು ಕಡೆ ಸ್ಪರ್ಧಿಸಬೇಕು. ಮೇಲಿನ ಲೆಕ್ಕ ಮೂರೋ ನಾಲ್ಕೋ ಕಡೆ ಬೇರೂರು ಎನ್ನುತ್ತದೆ, ಚಿಹ್ನೆಯ ನಿಯಮ ಹನ್ನೆರಡು ಕಡೆ ಹರಡು ಎನ್ನುತ್ತದೆ. ಹೆಸರು ಓದಲಾರದ ಮತದಾರರು ಇನ್ನೂ ಸಾಕಷ್ಟಿರುವ ರಾಯಚೂರು ಸೀಮೆಯಲ್ಲಿ ಚಿಹ್ನೆ ಎಂದರೆ ಪಕ್ಷದ ಅರ್ಧ ಜೀವ. ಕೈ, ಕಮಲ ಎರಡೂ ಗೋಡೆಗಳ ಮೇಲೆ ದಶಕಗಳಿಂದ ಇವೆ.

ಹಣದ ಮಾತು ಬೇಗ ಮುಗಿಸುತ್ತೇನೆ. ಠೇವಣಿ ಸಾಮಾನ್ಯ ಅಭ್ಯರ್ಥಿಗೆ 10,000, ಪರಿಶಿಷ್ಟರಿಗೆ 5,000 ರೂಪಾಯಿ. ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷದ ಮಿತಿ ಇದೆ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಆ ಮಿತಿಯ ಮೇಲೆ ಏನೇನು ಖರ್ಚಾಗುತ್ತದೆ ಎಂಬುದು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಹೊಸ ಪಕ್ಷಕ್ಕೆ ಹೆಚ್ಚು ಕಾಡುವುದು ಬೂತ್. ಒಂದು ಕ್ಷೇತ್ರಕ್ಕೆ ಇನ್ನೂರಕ್ಕೂ ಹೆಚ್ಚು ಮತಗಟ್ಟೆ. ಅಷ್ಟಕ್ಕೂ ದಿನವಿಡೀ ಕೂರುವ ಏಜೆಂಟರು ಸಿಕ್ಕರೆ ಅರ್ಧ ಪಕ್ಷ ಕಟ್ಟಿದಂತೆ.

ಒಂದೇ ನೀರು, ಎರಡು ರೈತರು

ಹೊರಗಿನಿಂದ ನೋಡುವವರಿಗೆ ಕಲ್ಯಾಣ ಕರ್ನಾಟಕ ಎಡಪಕ್ಷಕ್ಕೆ ಹೇಳಿಮಾಡಿಸಿದ ನೆಲದಂತೆ ಕಾಣುತ್ತದೆ. ಬಡತನ ಇದೆ, ಗಣಿ ಇದೆ, ಕಾರ್ಖಾನೆ ಇದೆ, ಕೂಲಿ ಇದೆ. ಒಳಗೆ ಬಂದರೆ ಹಿತಾಸಕ್ತಿಗಳು ಅಡ್ಡಡ್ಡ ಹರಿಯುತ್ತವೆ.

ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಭತ್ತದ ಗದ್ದೆಗಳು. ಯೋಜನೆಯ ಬೆಳೆ ಪದ್ಧತಿಯ ಪ್ರಕಾರ ಆ ಜಮೀನುಗಳಲ್ಲಿ ಹೆಚ್ಚಿನವು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಗೊತ್ತುಮಾಡಿದವು. ಭತ್ತ ನೀರು ಕುಡಿಯುತ್ತದೆ, ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಕಾಲುವೆ ಒಣಗುತ್ತದೆ. ಈಗ ರೈತರ ಪರವಾದ ಪಕ್ಷ ಏನು ಹೇಳಬೇಕು? ಬೆಳೆ ಪದ್ಧತಿ ಉಲ್ಲಂಘನೆ ನಿಲ್ಲಲಿ ಎಂದರೆ ಮಾನ್ವಿಯಲ್ಲಿ ಚಪ್ಪಾಳೆ, ಗಂಗಾವತಿಯಲ್ಲಿ ಕಲ್ಲು. ಭತ್ತಕ್ಕೆ ಬೆಂಬಲ ಬೆಲೆ ಎಂದರೆ ಅದರ ತಿರುವುಮುರುವು. ದೊಡ್ಡ ಪಕ್ಷಗಳು ಎರಡು ಕಡೆ ಎರಡು ಮಾತಾಡಿ ದಾಟಿಕೊಳ್ಳುತ್ತವೆ. ತತ್ವದ ಮೇಲೆ ನಿಂತ ಪಕ್ಷಕ್ಕೆ ಆ ಸವಲತ್ತಿಲ್ಲ.

ಕೊಪ್ಪಳದಲ್ಲೂ ಅಷ್ಟೇ. 2025ರ ಫೆಬ್ರುವರಿ 24ರಂದು ಉಕ್ಕು ಕಾರ್ಖಾನೆ ವಿಸ್ತರಣೆಯ ವಿರುದ್ಧ ಊರಿಗೆ ಊರೇ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಮುಂದೆ ನಿಂತರು, ಎಲ್ಲ ಪಕ್ಷದವರೂ ಹಿಂದೆ ಬಂದರು. ಹೊಗೆ, ಕಪ್ಪು ಬೂದಿ ಸಾಕು ಎನ್ನುವ ಹಳ್ಳಿಗರು ಒಂದು ಕಡೆ, ಅದೇ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿಯುವವರು ಇನ್ನೊಂದು ಕಡೆ. ಕುಡತಿನಿಯಲ್ಲಿ ಚಿತ್ರ ಮತ್ತೆ ಬೇರೆ: ಉಕ್ಕಿನ ಕಾರ್ಖಾನೆಗಳಿಗೆಂದು ಭೂಮಿ ಕೊಟ್ಟ ರೈತರು ಕಾರ್ಖಾನೆಯಾದರೂ ಬರಲಿ, ನ್ಯಾಯವಾದ ಬೆಲೆಯಾದರೂ ಸಿಗಲಿ ಎಂದು ವರ್ಷಗಟ್ಟಲೆ ಧರಣಿ ಕೂತರು. ಒಂದೇ ಕರಪತ್ರ ಮೂರೂ ಕಡೆ ಹಂಚಲು ಬರುವುದಿಲ್ಲ.

ಮೀಸಲಾತಿಯ ನಕ್ಷೆಯನ್ನೂ ನೋಡಬೇಕು. 17ರಲ್ಲಿ 8 ಪರಿಶಿಷ್ಟ ಪಂಗಡಕ್ಕೆ, 2 ಪರಿಶಿಷ್ಟ ಜಾತಿಗೆ ಮೀಸಲು, ಸಾಮಾನ್ಯ ಕ್ಷೇತ್ರ ಏಳೇ. ಪಂಗಡದ ಕ್ಷೇತ್ರಗಳಲ್ಲಿ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಸಾಮಾನ್ಯವಾಗಿ ನಾಯಕ ಸಮುದಾಯದವರೇ. ಆ ಓಟು ಹಂಚಿಹೋಗುತ್ತದೆ, ಫಲಿತಾಂಶ ನಿರ್ಧರಿಸುವುದು ಉಳಿದ ಸಮುದಾಯಗಳ ಜೋಡಣೆ. ಕೂಲಿ, ಭೂಮಿ, ನೀರಿನ ಮೇಲೆ ಸಮುದಾಯ ದಾಟಿ ಜನ ಸೇರಿಸಬಲ್ಲವರಿಗೆ ಇದೊಂದು ಅವಕಾಶ. ಆದರೆ ಅದಕ್ಕೆ ನಾಯಕ ಸಮುದಾಯದೊಳಗೆ ಹೆಸರಿರುವ ಎಡ ಮುಂದಾಳು ಬೇಕು. ಅಂಥವರನ್ನು ಬೆಳೆಸಲು ಹತ್ತು ವರ್ಷ ಹಿಡಿಯುತ್ತದೆ. ಚುನಾವಣೆಗೆ ಆರು ತಿಂಗಳಿರುವಾಗ ಹುಡುಕಿದರೆ ಸಿಗುವವರು ಬೇರೆ ಪಕ್ಷದಲ್ಲಿ ಟಿಕೆಟ್ ತಪ್ಪಿದವರು.

ಹಳೆಯ ಎಡ, ಹೊಸ ಎಡ, ಮೈತ್ರಿ

ಹೊಸ ಎಡಪಕ್ಷದ ಮೊದಲ ಎದುರಾಳಿ ಹಳೆಯ ಎಡಪಕ್ಷ. ಸಿಪಿಐ, ಸಿಪಿಎಂ, ಎಸ್‌ಯುಸಿಐ, ಸಿಪಿಐ(ಎಂಎಲ್) ಬಣಗಳು ಇಲ್ಲಿ ಈಗಾಗಲೇ ಇವೆ. ಮೇ ದಿನದ ಮೆರವಣಿಗೆಯೂ ಬೇರೆ ಬೇರೆ. ಹೊಸದೊಂದು ಪಕ್ಷ ಹುಟ್ಟಿದರೆ ಅದು ಕೈ-ಕಮಲದ ಓಟು ತರುವ ಮೊದಲು ಈ ಸಣ್ಣ ಬುತ್ತಿಯಲ್ಲೇ ಪಾಲು ಕೇಳುತ್ತದೆ. ಬ್ರಿಟನ್ನಿನಲ್ಲೂ ಇದೇ ನಡೆದಿದೆ. 2025ರಲ್ಲಿ ಲೇಬರ್‌ನ ಹಿಂದಿನ ನಾಯಕ ಜೆರೆಮಿ ಕಾರ್ಬಿನ್ ಮತ್ತು ಸಂಸದೆ ಜಾರಾ ಸುಲ್ತಾನಾ ಲೇಬರ್ ಪಕ್ಷಕ್ಕೆ ಎಡದಲ್ಲಿ ಹೊಸ ಪಕ್ಷ ಘೋಷಿಸಿದಾಗ, ಅದೇ ಅಂಗಳದಲ್ಲಿ ಗ್ರೀನ್ ಪಕ್ಷ ಆಗಲೇ ನಾಲ್ಕು ಸಂಸದರೊಂದಿಗೆ ಕೂತಿತ್ತು.

ಅದೇ ಲೇಬರ್ ಪಕ್ಷ ಒಂದು ಕಾಲಕ್ಕೆ ತಾನೇ ಮೂರನೆಯದಾಗಿತ್ತು ಎಂಬುದನ್ನು ಮರೆಯಬಾರದು. 1900ರಲ್ಲಿ ಕಾರ್ಮಿಕ ಸಂಘಗಳು ಸೇರಿ ಕಟ್ಟಿದ ಸಮಿತಿಗೆ ಮೊದಲ ಚುನಾವಣೆಯಲ್ಲಿ 2 ಸೀಟು. 1903ರಲ್ಲಿ ಲಿಬರಲ್ಲರೊಂದಿಗೆ ಒಳಒಪ್ಪಂದವಾಯಿತು, ಕೆಲವು ಕ್ಷೇತ್ರಗಳಲ್ಲಿ ಒಬ್ಬರಿಗೊಬ್ಬರು ಅಡ್ಡ ನಿಲ್ಲುವುದು ಬೇಡ ಎಂದು. 1906ರಲ್ಲಿ 29 ಸೀಟು. ಆಮೇಲೆ ಲಿಬರಲ್ ಪಕ್ಷವೇ ಒಡೆಯಿತು, 1918ರಲ್ಲಿ ಮತದಾನದ ಹಕ್ಕು ವಿಸ್ತರಿಸಿತು. 1922ಕ್ಕೆ ಲೇಬರ್ ಎರಡನೇ ದೊಡ್ಡ ಪಕ್ಷ. ಇಪ್ಪತ್ತೆರಡು ವರ್ಷ, ಸಂಘಗಳ ಚಂದಾ, ಒಂದು ಒಪ್ಪಂದ, ಎದುರಾಳಿಯ ಒಡಕು. ಇಷ್ಟೂ ಸೇರಿದ ಮೇಲೆ ಎರಡನೇ ಸ್ಥಾನ.

ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಓಟಿನಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ 97 ಸಾವಿರ ಓಟು ಬಿದ್ದಿತ್ತು. ಎಡದವರು ಓಟು ಒಡೆದು ಬಲದವರನ್ನು ಗೆಲ್ಲಿಸಿದರು ಎಂಬ ಆರೋಪ ಅವರ ಬೆನ್ನು ಬಿಡಲಿಲ್ಲ. ನಮ್ಮಲ್ಲಿ ಇದಕ್ಕೆ ಬಿ-ಟೀಮ್ ಎಂಬ ಸಿದ್ಧ ಬೈಗುಳವಿದೆ. ಬಿಜೆಪಿಯನ್ನು ತಡೆಯಬೇಕು ಎಂದು ಗಟ್ಟಿಯಾಗಿ ನಂಬುವ ಮತದಾರರೇ ಎಡಪಕ್ಷದ ಸಹಜ ಬೆಂಬಲಿಗರು. ಹಾಗಾಗಿ ಈ ಮಾತು ಅವರಿಗೇ ಮೊದಲು ತಾಗುತ್ತದೆ.

ಹಾಗಾದರೆ ಮೈತ್ರಿಯೇ ದಾರಿಯೇ? ರಾಯಚೂರಿನ ಗಡಿಯಾಚೆ ತೆಲಂಗಾಣದಲ್ಲಿ 2023ರಲ್ಲಿ ಕಾಂಗ್ರೆಸ್ಸಿನೊಂದಿಗೆ ಹೋದ ಸಿಪಿಐ ಕೊತ್ತಗುಡೆಂ ಗೆದ್ದಿತು, ಒಂಟಿಯಾಗಿ 19 ಕಡೆ ನಿಂತ ಸಿಪಿಎಂ ಒಂದೂ ಗೆಲ್ಲಲಿಲ್ಲ. ಮೇಲುಕೋಟೆಯಲ್ಲಿ ಅದೇ ವರ್ಷ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬಿಟ್ಟಾಗ ರೈತ ಸಂಘದವರ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. 2018ರಲ್ಲೂ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಿರಲಿಲ್ಲ, ಆದರೂ ಆಗ ಅವರು ಸೋತಿದ್ದರು. ಬಿಹಾರದಲ್ಲಿ ಸಿಪಿಐ(ಎಂಎಲ್) ಲಿಬರೇಶನ್ 2015ರಲ್ಲಿ ಎಡಪಕ್ಷಗಳ ಜೊತೆಗಷ್ಟೇ ನಿಂತು 3, 2020ರಲ್ಲಿ ಆರ್‌ಜೆಡಿ ನೇತೃತ್ವದ ಮಹಾಮೈತ್ರಿಯಲ್ಲಿ 19 ಕಡೆ ನಿಂತು 12 ಗೆದ್ದಿತು. 2025ರಲ್ಲಿ ಮೈತ್ರಿ ಮುಗ್ಗರಿಸಿದಾಗ ಅದೂ 2ಕ್ಕೆ ಇಳಿಯಿತು. ದೊಡ್ಡವರ ಹೆಗಲ ಮೇಲೆ ಕೂತರೆ ಎತ್ತರ ಸಿಗುತ್ತದೆ, ಅವರು ಬಿದ್ದಾಗ ಬೀಳುವುದೂ ಸಿಗುತ್ತದೆ.

ಮೈತ್ರಿಗೆ ಒಪ್ಪಿಸಲು ಕೈಯಲ್ಲಿ ಏನಾದರೂ ಇರಬೇಕು ಎಂಬುದು ಇನ್ನೊಂದು. ಮೇಲುಕೋಟೆಯನ್ನು ಕಾಂಗ್ರೆಸ್ ಬಿಟ್ಟುಕೊಟ್ಟದ್ದು ದರ್ಶನ್ ಅವರ ತಂದೆ ಕೆ.ಎಸ್. ಪುಟ್ಟಣ್ಣಯ್ಯ ಅಲ್ಲಿ 2013ರಲ್ಲೇ ಗೆದ್ದು ತೋರಿಸಿದ್ದರಿಂದ. ಮತ್ತೆ ಅದೇ ಮಾತಿಗೆ ಬಂದೆವು: ಮೊದಲು ಯಾವುದೋ ಒಂದು ಕ್ಷೇತ್ರದಲ್ಲಿ ಇಬ್ಬರಲ್ಲಿ ಒಬ್ಬರಾಗಬೇಕು.

ಈ ಜಿಲ್ಲೆಗಳಲ್ಲಿ ಅದು ಆಗದ ಮಾತಲ್ಲ. ಸಂಡೂರಿನಲ್ಲಿ 1985ರಲ್ಲಿ ಸಿಪಿಎಂ ಗೆದ್ದಿತ್ತು. ಬಿಜೆಪಿ ಅಲ್ಲಿ ಇನ್ನೂ ಬೇರೂರಿರಲಿಲ್ಲ, ಕಾಂಗ್ರೆಸ್ಸಿಗೆ ಎದುರಾಳಿಯ ಜಾಗ ತೆರೆದಿತ್ತು. 2011ರಿಂದ 2013ರವರೆಗೆ ಬಳ್ಳಾರಿ ಸೀಮೆಯಲ್ಲಿ ಬಿಜೆಪಿ ಒಡೆದು ಮೂರಾದಾಗ ಆ ಜಾಗ ಮತ್ತೆ ತೆರೆಯಿತು. ಲೋಕಾಯುಕ್ತ ವರದಿ ಬಂದಿತ್ತು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತ್ತು, ಸಾವಿರಾರು ಕೂಲಿಕಾರರು, ಲಾರಿ ಚಾಲಕರು ಕೆಲಸ ಕಳೆದುಕೊಂಡಿದ್ದರು. ಆ ಹೊತ್ತಿಗೆ ಒಂದು ಕ್ಷೇತ್ರದಲ್ಲಾದರೂ ಇನ್ನೂರು ಬೂತ್‌ಗೆ ಜನ ಇಟ್ಟುಕೊಂಡ ಎಡಪಕ್ಷ ಇದ್ದಿದ್ದರೆ ಏನಾಗುತ್ತಿತ್ತೋ. ಜಾಗ ತುಂಬಿದ್ದು ಬಿಜೆಪಿಯಿಂದ ಹೊರಬಂದವರೇ. ಅವರು ಮರಳಿ ಹೋದಾಗ ಓಟನ್ನೂ ಹೊತ್ತುಕೊಂಡು ಹೋದರು.

ಇಂಥ ಜಾಗ ಮತ್ತೆ ತೆರೆಯುತ್ತದೆ, ಯಾವಾಗ ಎಂದು ಯಾರೂ ಹೇಳಲಾರರು. ಅಲ್ಲಿಯವರೆಗೆ ಜನ ಕಟ್ಟುವ ಮೆಟ್ಟಿಲು ಸ್ಥಳೀಯ ಸಂಸ್ಥೆಗಳು. ವಾರ್ಡ್ ಚಿಕ್ಕದು, ಕೆಲವು ನೂರು ಓಟು ಆಚೀಚೆಯಾದರೆ ಫಲಿತಾಂಶ ಬದಲಾಗುತ್ತದೆ. 39 ವಾರ್ಡುಗಳ ಬಳ್ಳಾರಿ ಮಹಾನಗರ ಪಾಲಿಕೆಯಲ್ಲಿ 2021ರಲ್ಲಿ ಐವರು ಪಕ್ಷೇತರರು ಗೆದ್ದಿದ್ದರು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವುದರಿಂದ ಅಲ್ಲಿ ಮನುಷ್ಯ ಬೆಳೆಯುತ್ತಾನೆ, ಚಿಹ್ನೆ ಬೆಳೆಯುವುದಿಲ್ಲ. ಚಿಹ್ನೆ ಬೆಳೆಯಬೇಕಾದ ಮೆಟ್ಟಿಲು ತಾಲೂಕು ಮತ್ತು ಜಿಲ್ಲಾ ಪಂಚಾಯಿತಿ. 2016ರಲ್ಲಿ ಆಯ್ಕೆಯಾದ ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಎರಡೂ ದೊಡ್ಡ ಪಕ್ಷಗಳ ಸರ್ಕಾರಗಳು ಬಂದುಹೋದರೂ ಯಾರಿಗೂ ಅವಸರವಿರಲಿಲ್ಲ. ಹೊಸ ಪಕ್ಷಕ್ಕೆ ಇದರಿಂದ ಆಗುವ ಹಾನಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಏಕೆಂದರೆ ಆ ಪಕ್ಷ ಇನ್ನೂ ಹುಟ್ಟಿಲ್ಲ.

ಯಾವ ಕ್ಷೇತ್ರ ಎಂದು ಕೇಳಿದರೆ ನನ್ನ ಅಂದಾಜು ಇಷ್ಟು: ಗಣಿ ಇರುವ ಸಂಡೂರು, ಕೊನೆ ಭಾಗದ ನೀರಿನ ಜಗಳವಿರುವ ಮಾನ್ವಿ, ಹಟ್ಟಿಯ ನೆರಳಿರುವ ಲಿಂಗಸುಗೂರು. ಮೂರೂ ಮೀಸಲು ಕ್ಷೇತ್ರಗಳು, ಮೂರರಲ್ಲೂ ಸಂಘ ಎಂದರೇನು ಎಂದು ಜನರಿಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಅಪಾಯ ಮಾತ್ರ ಇದೆ. ಕ್ಷೇತ್ರ ಮರುವಿಂಗಡಣೆಗೆ ಇರುವ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ. ಆ ಗಣತಿ 2027ರದ್ದು. ಅದಾದ ಮೇಲೆ ಗಡಿಗಳು ಬದಲಾಗಬಹುದು, ಮೀಸಲೂ ಬದಲಾಗಬಹುದು. ಇಂದು ಒಂದು ಕ್ಷೇತ್ರದ ಬೂತ್ ಬೂತ್ ಕಟ್ಟುವವರು, ಆ ಬೂತ್‌ಗಳು ನಾಳೆ ಎರಡು ಕ್ಷೇತ್ರಗಳಿಗೆ ಹಂಚಿಹೋದರೂ ಉಳಿಯುವ ಹಾಗೆ ಹೋಬಳಿ ಲೆಕ್ಕದಲ್ಲಿ ಕಟ್ಟಬೇಕಾಗುತ್ತದೆ.